ಪೈಥಾನ್‌ನಲ್ಲಿ ಸ್ವಂತ ಸಂಖ್ಯಾಶ್ರೇಣಿ: ರೇಂಜ್ ಸಾಕೇ, ಜನರೇಟರ್ ಬೇಕೇ, ಕ್ಲಾಸ್ ಕಟ್ಟಬೇಕೇ?

ಪೈಥಾನ್ ಕಲಿಯುವವರು ಫಾರ್ ಲೂಪನ್ನೂ ಸಂಖ್ಯೆಗಳ ಸಾಲು ಕೊಡುವ ರೇಂಜನ್ನೂ ಮೊದಲ ವಾರದಲ್ಲೇ ಜೋಡಿಯಾಗಿ ಬಳಸತೊಡಗುತ್ತಾರೆ. ಕೆಲವು ತಿಂಗಳಾದ ಮೇಲೆ ಆ ಜೋಡಿ ಸಾಲದಾಗುತ್ತದೆ. ಕೊನೆಯ ಸಂಖ್ಯೆಯೂ ಸೇರಬೇಕು, 0.1ರ ಹೆಜ್ಜೆ ಬೇಕು, ಪ್ರತಿ ಸಲವೂ ದುಪ್ಪಟ್ಟಾಗುವ ಸಾಲು ಬೇಕು, ಕೊನೆಯೇ ಇಲ್ಲದ ಕ್ರಮಸಂಖ್ಯೆ ಬೇಕು. ಹೇಗೆಂದು ವಿಚಾರಿಸಿದರೆ ಒಬ್ಬರು ಯೀಲ್ಡ್ (ಫಂಕ್ಷನ್ ಒಂದೊಂದೇ ಸಂಖ್ಯೆ ಕೊಟ್ಟು ಅಲ್ಲೇ ತಡೆದು ನಿಲ್ಲುವಂತೆ ಮಾಡುವ ಪದ) ಬಳಸಿ ಎನ್ನುತ್ತಾರೆ, ಇನ್ನೊಬ್ಬರು ಕ್ಲಾಸ್ ಬರೆಯಿರಿ ಎನ್ನುತ್ತಾರೆ, ಮತ್ತೊಬ್ಬರು ಸಂಖ್ಯಾಗಣಿತದ ಲೈಬ್ರರಿ ನಂಪೈ ಇರುವಾಗ ಇದೆಲ್ಲ ಏಕೆ ಎಂದು ಕೇಳುತ್ತಾರೆ. ಮೂವರೂ ತಪ್ಪು ಹೇಳುತ್ತಿಲ್ಲ. ಅವರವರ ಕಣ್ಣ ಮುಂದಿರುವ ಕೆಲಸ ಬೇರೆ ಬೇರೆ, ಅಷ್ಟೆ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಇಟರೇಟರ್, ಅಂದರೆ ಸಂಖ್ಯೆಗಳನ್ನು ಒಂದೊಂದಾಗಿ ಕೊಡುವ ವಸ್ತು, ಬರೆಯಲು ಹೊರಟವರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೇ ಇರುವುದಿಲ್ಲ. ಅಗತ್ಯ ಇರುವವರಲ್ಲಿಯೂ ಪಠ್ಯಪುಸ್ತಕ ಹೇಳಿಕೊಡುವ ಕ್ಲಾಸಿನ ರೂಪ ಬೇಕಾಗುವುದು ತೀರಾ ಕೆಲವರಿಗೆ. ಇಲ್ಲಿ ಹೇಳುವುದೆಲ್ಲ ಪೈಥಾನ್ 3ಕ್ಕೆ ಸಂಬಂಧಿಸಿದ್ದು. ಪೈಥಾನ್ 2ರಲ್ಲಿ ರೇಂಜ್ ಎಂದರೆ ಇಡೀ ಲಿಸ್ಟೇ ತಯಾರಾಗುತ್ತಿತ್ತು, ಅದನ್ನು ತಪ್ಪಿಸಲು ಎಕ್ಸ್‌ರೇಂಜ್ ಎಂಬ ಇನ್ನೊಂದು ಇತ್ತು. ಆ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಯಾವುದಾದರೂ ಪಾಠದಲ್ಲಿ ಎಕ್ಸ್‌ರೇಂಜ್ ಕಂಡರೆ ಅದು ಹಳೆಯ ಪಾಠವೆಂದು ತಿಳಿದು ಮುಂದೆ ಸಾಗಿ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಈ ಸಂಖ್ಯೆಗಳ ಮೇಲೆ ನೀವು ಒಂದೇ ಸಲ ಹಾಯುತ್ತೀರೋ, ಮತ್ತೆ ಮತ್ತೆ ಹಾಯುತ್ತೀರೋ? ಪೈಥಾನ್‌ನಲ್ಲಿ ಇಟರಬಲ್ ಬೇರೆ, ಇಟರೇಟರ್ ಬೇರೆ. ಜಪಮಾಲೆ ಒಂದು, ಅದರ ಮೇಲೆ ಸರಿಯುವ ಬೆರಳು ಇನ್ನೊಂದು. ಮಾಲೆ ಇಟರಬಲ್, ಬೆರಳು ಇಟರೇಟರ್. ರೇಂಜ್ ಎಂಬುದು ಮಾಲೆ. ಅದನ್ನು ನೇರವಾಗಿ, ಮುಂದಿನದನ್ನು ಕೇಳುವ ನೆಕ್ಸ್ಟ್ ಫಂಕ್ಷನ್‌ಗೆ ಕೊಟ್ಟರೆ, ಇದು ಇಟರೇಟರ್ ಅಲ್ಲವೆಂಬ ಟೈಪ್‌ಎರರ್ ಬರುತ್ತದೆ. ಫಾರ್ ಲೂಪ್ ಪ್ರತಿ ಸಲವೂ ಅದರಿಂದ ಹೊಸದೊಂದು ಇಟರೇಟರನ್ನು ಪಡೆದುಕೊಳ್ಳುತ್ತದೆ. ಆದ್ದರಿಂದಲೇ ಒಂದೇ ರೇಂಜಿನ ಮೇಲೆ ನೂರು ಸಲ ಓಡಿದರೂ ಅದು ಸವೆಯುವುದಿಲ್ಲ. ಯೀಲ್ಡ್ ಇರುವ ಫಂಕ್ಷನ್‌ನಿಂದ ಸಿಗುವ ಇಟರೇಟರಿಗೆ ಜನರೇಟರ್ ಎಂದು ಹೆಸರು. ಅದು ಹಾಗಲ್ಲ, ಒಮ್ಮೆ ಮುಗಿಯಿತೆಂದರೆ ಮುಗಿಯಿತು. ಮುಂದೆ ಬರುವ ಆಯ್ಕೆಗಳಲ್ಲಿ ಅರ್ಧಕ್ಕರ್ಧ ಈ ಒಂದು ವ್ಯತ್ಯಾಸದಲ್ಲೇ ತೀರ್ಮಾನವಾಗಿಬಿಡುತ್ತವೆ.

ಎರಡನೆಯದು, ಹೆಜ್ಜೆ ಪೂರ್ಣಾಂಕವೋ ದಶಮಾಂಶವೋ ಎಂಬುದು. ಮೂರನೆಯದು, ಸಾಲಿನ ಮೇಲೆ ನಡೆಯುವುದಲ್ಲದೆ ಅದನ್ನು ಬೇರೆ ಏನಾದರೂ ಕೇಳುತ್ತೀರಾ ಎಂಬುದು: ಎಷ್ಟು ಸಂಖ್ಯೆಗಳಿವೆ, ಇಂಥದ್ದು ಅದರಲ್ಲಿದೆಯೇ, ಏಳನೆಯದು ಯಾವುದು, ಹಿಂದಿನಿಂದ ಬಾ. ವೇಗ ಮತ್ತು ಮೆಮೊರಿ ಇವೆಲ್ಲ ಆದ ಮೇಲೆ. ಹೊಸಬರು ಅಲ್ಲಿಂದಲೇ ಶುರುಮಾಡುತ್ತಾರೆ. ಹಾಗೆ ಶುರುಮಾಡಿದರೆ ತಪ್ಪು ಉತ್ತರವನ್ನು ವೇಗವಾಗಿ ಪಡೆಯುವ ಸಾಧ್ಯತೆ ಹೆಚ್ಚು.

ರೇಂಜನ್ನೇ ಬಗ್ಗಿಸಿಕೊಳ್ಳುವುದು

ಕೊನೆಯ ಸಂಖ್ಯೆ ಸೇರುವುದಿಲ್ಲ ಎಂಬುದೇ ರೇಂಜಿನ ಮೇಲಿನ ಮೊದಲ ದೂರು. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳು 3302ರಿಂದ 3311ರವರೆಗಿನ ಸ್ಥಾನಗಳಲ್ಲಿವೆ. ಅವನ್ನು ಮುದ್ರಿಸಲು ರೇಂಜಿಗೆ 3302, 3311 ಎಂದು ಕೊಟ್ಟರೆ ೮ಕ್ಕೇ ನಿಲ್ಲುತ್ತದೆ, ೯ ಬರುವುದಿಲ್ಲ. 3312 ಎಂದು ಕೊಡಬೇಕು. ಇದು ಕಿರಿಕಿರಿ ಎನಿಸುವುದು ಸಹಜ. ಆದರೆ ಇದೇ ಯೂನಿಕೋಡ್ ಕೋಷ್ಟಕವನ್ನು ಸ್ವಲ್ಪ ದೂರದಿಂದ ನೋಡಿ. ತೆಲುಗು ವಿಭಾಗ 3072ರಿಂದ, ಕನ್ನಡ 3200ರಿಂದ, ಮಲಯಾಳಂ 3328ರಿಂದ ಶುರುವಾಗುತ್ತದೆ. ಕೊನೆಯನ್ನು ಹೊರಗಿಡುವ ಕ್ರಮದಲ್ಲಿ ಕನ್ನಡದ ರೇಂಜ್ 3200, 3328. ಒಂದರ ಅಂತ್ಯವೇ ಮುಂದಿನದರ ಆರಂಭ. ಎರಡನ್ನು ಕಳೆದರೆ 128, ಅಷ್ಟೇ ಸ್ಥಾನಗಳು. ಎಲ್ಲಿಯೂ ಒಂದನ್ನು ಕೂಡಿಸುವ, ಕಳೆಯುವ ಗೋಜಿಲ್ಲ. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಪುಟ್ಟ ಟಿಪ್ಪಣಿಯೊಂದರಲ್ಲಿ ಇದೇ ಕ್ರಮದ ಪರವಾಗಿ ವಾದಿಸಿದ್ದರು.

ಇಷ್ಟಾದರೂ ನಿಮ್ಮ ಕೆಲಸಕ್ಕೆ ಕೊನೆಯೂ ಸೇರುವ ಶ್ರೇಣಿಯೇ ಸಹಜ ಎನಿಸಬಹುದು. ಪುಟಸಂಖ್ಯೆ, ತಿಂಗಳು, ರಸೀದಿ ಸಂಖ್ಯೆ ಇವೆಲ್ಲ ಹಾಗೆಯೇ ಇರುತ್ತವೆ. ಆಗ ಯೀಲ್ಡ್ ಬರೆಯಲು ಹೋಗಬೇಡಿ. ಆರಂಭ, ಅಂತ್ಯ, ಹೆಜ್ಜೆ ಮೂರನ್ನು ತೆಗೆದುಕೊಂಡು, ಹೆಜ್ಜೆ ಧನವಾಗಿದ್ದರೆ ಅಂತ್ಯಕ್ಕೆ ಒಂದು ಕೂಡಿಸಿ, ಋಣವಾಗಿದ್ದರೆ ಒಂದು ಕಳೆದು, ರೇಂಜನ್ನೇ ಹಿಂದಿರುಗಿಸುವ ಮೂರು ಸಾಲಿನ ಫಂಕ್ಷನ್ ಬರೆದುಕೊಳ್ಳಿ. ಇಳಿಯುವ ಸಾಲಿನಲ್ಲಿಯೂ ಒಂದು ಕೂಡಿಸಿಬಿಡುವುದು ತುಂಬ ಸಾಮಾನ್ಯವಾದ ದೋಷ. ಹತ್ತರಿಂದ ಒಂದಕ್ಕೆ ಇಳಿಯಬೇಕಾದದ್ದು ಮೂರಕ್ಕೇ ನಿಂತುಬಿಡುತ್ತದೆ. ಆ ಷರತ್ತು ಒಂದೇ ಕಡೆ ಇರಲಿ ಎನ್ನುವುದಕ್ಕಾದರೂ ಈ ಫಂಕ್ಷನ್ ಬೇಕು.

ಹೀಗೆ ಮಾಡಿದರೆ ರೇಂಜಿನ ಸಂಪತ್ತೆಲ್ಲ ನಿಮ್ಮದೇ ಆಗಿ ಉಳಿಯುತ್ತದೆ. ಉದ್ದ ಕೇಳಬಹುದು, ಹಿಂದುಮುಂದಾಗಿಸಬಹುದು, ತುಂಡರಿಸಬಹುದು, ಎರಡನ್ನು ಹೋಲಿಸಬಹುದು. ಒಂದು ಪೂರ್ಣಾಂಕ ಅದರಲ್ಲಿದೆಯೇ ಎಂದು ಇನ್ ಬಳಸಿ ಕೇಳಿದರೆ, ಒಂದೊಂದನ್ನೇ ನೋಡುತ್ತಾ ಹೋಗದೆ ಲೆಕ್ಕ ಹಾಕಿ ಉತ್ತರಿಸುತ್ತದೆ. ಕೋಟಿ ಸಂಖ್ಯೆಗಳ ರೇಂಜಾದರೂ 64 ಬಿಟ್‌ನ ಸಿಪೈಥಾನ್‌ನಲ್ಲಿ (ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನ್) ಆ ವಸ್ತು ಹಿಡಿಯುವುದು 48 ಬೈಟ್ ಮಾತ್ರ. ಅದನ್ನೇ ಲಿಸ್ಟ್ ಮಾಡಿದರೆ, ಸಂಖ್ಯೆಗಳನ್ನು ಬಿಟ್ಟು ಅವುಗಳ ವಿಳಾಸಗಳಿಗೇ ಸುಮಾರು 80 ಮೆಗಾಬೈಟ್ ಬೇಕು.

ಹೆಜ್ಜೆ ಒಂದೇ ಸಮನಾಗಿದ್ದು ಪ್ರತಿ ಸಂಖ್ಯೆಗೂ ಏನಾದರೂ ಮಾಡಬೇಕಾಗಿದ್ದರೆ, ಉದಾಹರಣೆಗೆ ವರ್ಗ ಬೇಕಿದ್ದರೆ, ರೇಂಜಿನ ಮೇಲೆ, ಆವರಣದೊಳಗೆ ಬರೆಯುವ ಜನರೇಟರ್ ಎಕ್ಸ್‌ಪ್ರೆಶನ್ ಒಂದು ಸಾಲು ಸಾಕು. ಇದು 2004ರಿಂದ, ಪೈಥಾನ್ 2.4ರಿಂದಲೂ ಇದೆ. ಒಂದು ಎಚ್ಚರ: ಆ ಆವರಣದ ಬರಹ ರೇಂಜ್‌ನಂತೆ ಕಂಡರೂ ಅದು ಜನರೇಟರ್, ಒಂದೇ ಸಲಕ್ಕೆ.

ಜನರೇಟರ್ ಫಂಕ್ಷನ್

ಮುಂದಿನ ಸಂಖ್ಯೆ ಹಿಂದಿನದನ್ನು ಅವಲಂಬಿಸಿದ್ದರೆ, ಅಥವಾ ಎಲ್ಲಿ ನಿಲ್ಲಬೇಕೆಂಬುದು ನಡುವೆಯಷ್ಟೇ ಗೊತ್ತಾಗುವುದಾದರೆ, ಯೀಲ್ಡ್ ಇರುವ ಫಂಕ್ಷನ್‌ಗೆ ಸಾಟಿಯಿಲ್ಲ. ದುಪ್ಪಟ್ಟಾಗುವ ಸಾಲು, ಫಿಬೊನಾಚಿ, ಭಾನುವಾರಗಳನ್ನು ಬಿಟ್ಟ ದಿನಸಂಖ್ಯೆಗಳು, ಇವೆಲ್ಲ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತವೆ. ಓದುವವರಿಗೂ ಸಾಮಾನ್ಯ ವೈಲ್ ಲೂಪ್ ಓದಿದಂತೆಯೇ ಇರುತ್ತದೆ. ಎಲ್ಲಿಗೆ ತಲುಪಿದ್ದೇವೆ ಎಂಬ ನೆನಪನ್ನು ಪೈಥಾನೇ ಇಟ್ಟುಕೊಳ್ಳುತ್ತದೆ.

ಆದರೆ ಇದರಲ್ಲಿ ಮೂರು ಹೊಂಡಗಳಿವೆ. ಎರಡನೆಯ ಸಲ ಓಡಿಸಿದಾಗ ಜನರೇಟರ್ ದೂರು ಹೇಳುವುದಿಲ್ಲ, ಸುಮ್ಮನೆ ಖಾಲಿಯಾಗಿರುತ್ತದೆ. ಮೊದಲು ಮೊತ್ತ ತೆಗೆದು, ಆಮೇಲೆ ಅದೇ ಜನರೇಟರಿನ ಮೇಲೆ ಮತ್ತೊಂದು ಮೊತ್ತ ತೆಗೆದರೆ ಸೊನ್ನೆ ಬರುತ್ತದೆ. ದೋಷಸೂಚನೆ ಇಲ್ಲದ ದೋಷವೇ ಅತ್ಯಂತ ಕೆಟ್ಟದ್ದು. ಅದರಲ್ಲಿ 8 ಇದೆಯೇ ಎಂದು ಇನ್ ಬಳಸಿ ಕೇಳುವುದೂ 8ರವರೆಗಿನ ಸಂಖ್ಯೆಗಳನ್ನು ನುಂಗಿಹಾಕುತ್ತದೆ.

ಎರಡನೆಯ ಹೊಂಡ ಇದಕ್ಕಿಂತ ಆಳ. ಹೆಜ್ಜೆ ಸೊನ್ನೆಯಾಗಿದ್ದರೆ ರೇಂಜ್ ಆ ಕ್ಷಣವೇ ವ್ಯಾಲ್ಯೂಎರರ್ ಎಸೆಯುತ್ತದೆ. ನಿಮ್ಮ ಜನರೇಟರಿನಲ್ಲಿಯೂ ಅಂಥದ್ದೊಂದು ತಪಾಸಣೆಯನ್ನು ಮೊದಲ ಸಾಲಿಗೇ ಹಾಕಿದ್ದೀರಿ ಎಂದುಕೊಳ್ಳಿ. ಫಂಕ್ಷನನ್ನು ಕರೆದಾಗ ಆ ಸಾಲು ಓಡುವುದೇ ಇಲ್ಲ. ಯೀಲ್ಡ್ ಇರುವ ಫಂಕ್ಷನನ್ನು ಕರೆದರೆ ಬರುವುದು ಜನರೇಟರ್ ವಸ್ತು ಮಾತ್ರ. ಒಳಗಿನ ಮೊದಲ ಸಾಲು ಓಡುವುದು ಯಾರೋ ಮೊದಲ ಸಂಖ್ಯೆ ಕೇಳಿದಾಗ. ತಪ್ಪು ಕೊಟ್ಟ ಜಾಗ ಒಂದು ಫೈಲಿನಲ್ಲಿ, ದೋಷ ಸಿಡಿಯುವ ಜಾಗ ಇನ್ನೊಂದು ಫೈಲಿನಲ್ಲಿ. ಪರಿಹಾರ ಸುಲಭ: ತಪಾಸಣೆ ಮಾಡುವ ಸಾಮಾನ್ಯ ಫಂಕ್ಷನ್ ಹೊರಗೆ, ಯೀಲ್ಡ್ ಮಾಡುವ ಫಂಕ್ಷನ್ ಅದರ ಒಳಗೆ. ಹೊರಗಿನದು ಒಳಗಿನದನ್ನು ಕರೆದು, ಸಿಕ್ಕ ಜನರೇಟರನ್ನು ಹಿಂದಿರುಗಿಸಲಿ.

ಮೂರನೆಯದು ಹಳೆಯ ಪಾಠಗಳಿಂದ ಬರುವುದು. ಜನರೇಟರನ್ನು ನಿಲ್ಲಿಸಲು ಒಳಗಿನಿಂದ, ಸಾಲು ಮುಗಿಯಿತೆಂದು ಸೂಚಿಸುವ ಸ್ಟಾಪ್‌ಇಟರೇಶನ್ ಎಸೆಯಿರಿ ಎಂದು ಕೆಲವೆಡೆ ಹೇಳಿರುತ್ತಾರೆ. ಪೈಥಾನ್ 3.7ರಿಂದ ಅದು ರನ್‌ಟೈಮ್‌ಎರರ್ ಆಗುತ್ತದೆ. ಬರಿಯ ರಿಟರ್ನ್ ಬರೆದರೆ ಸಾಕು.

ದಶಮಾಂಶದ ಹೆಜ್ಜೆ: ಇಲ್ಲಿ ಸ್ವಲ್ಪ ನಿಲ್ಲಿ

ಸ್ವಂತ ಶ್ರೇಣಿ ಬರೆಯುವವರಲ್ಲಿ ಬಹುಪಾಲು ಜನ ಈ ಕಾರಣಕ್ಕೇ ಬರುತ್ತಾರೆ, ಏಕೆಂದರೆ ರೇಂಜ್ ದಶಮಾಂಶವನ್ನು ಒಪ್ಪುವುದೇ ಇಲ್ಲ. ಎಲ್ಲರ ಕೈಗೆ ಮೊದಲು ಬರುವ ಪರಿಹಾರ ಒಂದೇ: ಸೊನ್ನೆಯಿಂದ ಶುರುಮಾಡಿ, 1ಕ್ಕಿಂತ ಕಡಿಮೆ ಇರುವವರೆಗೆ ಯೀಲ್ಡ್ ಮಾಡಿ, ಪ್ರತಿ ಸಲ 0.1 ಕೂಡಿಸುವುದು. ಹತ್ತು ಸಂಖ್ಯೆಗಳು ಬರಬೇಕು. ಬರುವುದು ಹನ್ನೊಂದು. ಕೊನೆಯದು 0.9999999999999999. ಕಂಪ್ಯೂಟರಿನ ದ್ವಿಮಾನ ರೂಪದಲ್ಲಿ 0.1 ನಿಖರವಾಗಿ ಕೂರುವುದಿಲ್ಲ. ಹತ್ತು ಸಲ ಕೂಡಿಸಿದಾಗ ಮೊತ್ತ ಒಂದಕ್ಕಿಂತ ಕೂದಲೆಳೆಯಷ್ಟು ಕಡಿಮೆಯಾಗಿ, ಷರತ್ತು ಇನ್ನೂ ನಿಜವೆಂದು ತೋರುತ್ತದೆ.

ಕೂಡಿಸುತ್ತಾ ಹೋಗುವುದನ್ನು ಬಿಟ್ಟು, ಆರಂಭಕ್ಕೆ ಹೆಜ್ಜೆ ಗುಣಿಸು ಕ್ರಮಾಂಕವನ್ನು ಸೇರಿಸುವುದು ಇದಕ್ಕಿಂತ ಮೇಲು. ಆಗ ದೋಷ ಒಂದರ ಮೇಲೊಂದು ಪೇರಿಸಿಕೊಳ್ಳುವುದಿಲ್ಲ. ಆದರೂ 0.1 ಗುಣಿಸು 3 ಎಂದರೆ 0.30000000000000004 ಬರುತ್ತದೆ, 0.3ರೊಂದಿಗೆ ಹೋಲಿಸಿದರೆ ಸಮ ಅಲ್ಲ ಎನ್ನುತ್ತದೆ. ನಾನು ಮೆಚ್ಚುವ ಉಪಾಯ ಬೇರೆ: ಪೂರ್ಣಾಂಕದ ರೇಂಜ್ ಮೇಲೆ ಓಡಿ, ಪ್ರತಿಯೊಂದನ್ನೂ ಹತ್ತರಿಂದ ಭಾಗಿಸುವುದು. 3 ಭಾಗಿಸು 10 ಎಂದರೆ 0.3 ಎಂದು ಟೈಪ್ ಮಾಡಿದಾಗ ಸಿಗುವ ಸಂಖ್ಯೆಯೇ ಸಿಗುತ್ತದೆ. ಎಷ್ಟು ಸಂಖ್ಯೆಗಳು ಬರುತ್ತವೆ ಎಂಬುದನ್ನು ಪೂರ್ಣಾಂಕ ತೀರ್ಮಾನಿಸುವುದರಿಂದ ಹನ್ನೊಂದನೆಯದರ ಕಾಟವೂ ಇಲ್ಲ.

ಎಲ್ಲ ದಶಮಾಂಶಗಳೂ ಹೀಗೆ ಕೈಕೊಡುವುದಿಲ್ಲ. 0.5, 0.25, 0.125 ದ್ವಿಮಾನದಲ್ಲಿ ನಿಖರವಾಗಿ ಕೂರುತ್ತವೆ. ಗೃಹಸಾಲದ ಕಂತನ್ನು ಬಡ್ಡಿದರ 7.5ರಿಂದ 9ರವರೆಗೆ 0.25ರ ಹೆಜ್ಜೆಯಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂ ಕೂಡಿಸುತ್ತಾ ಹೋದರೂ ತಪ್ಪುವುದಿಲ್ಲ. ಅದೇ ಪ್ರೋಗ್ರಾಮಿಗೆ ಯಾರಾದರೂ 0.05ರ ಹೆಜ್ಜೆ ಕೊಟ್ಟ ದಿನ ಬಣ್ಣ ಬಯಲಾಗುತ್ತದೆ. ಪರೀಕ್ಷೆಗೆ 0.25 ಮಾತ್ರ ಕೊಟ್ಟು ಎಲ್ಲ ಸರಿಯಿದೆ ಎಂದು ನಂಬುವುದು ಅಪಾಯ.

ಹಣದ ಲೆಕ್ಕವಾದರೆ ಪೈಸೆಯಲ್ಲಿ ಪೂರ್ಣಾಂಕವಾಗಿ ಎಣಿಸಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ಹೆಜ್ಜೆಯನ್ನು ಬಳಕೆದಾರರೇ ಕೊಡುವುದಾಗಿದ್ದು ಅದು ಏನಿರುತ್ತದೋ ಗೊತ್ತಿಲ್ಲದಿದ್ದರೆ ಡೆಸಿಮಲ್ ಮಾಡ್ಯೂಲ್ ಇದೆ, ಮೂರನೇ ಒಂದು ಭಾಗದಂಥವು ಬೇಕಿದ್ದರೆ ಫ್ರಾಕ್ಷನ್ಸ್ ಇದೆ. ಎರಡೂ ನಿಧಾನ, ಅದರಲ್ಲೂ ಎರಡನೆಯದು. ಕೆಲವು ಸಾವಿರ ಸಂಖ್ಯೆಗಳಿಗೆ ಆ ನಿಧಾನ ಗಮನಕ್ಕೇ ಬರುವುದಿಲ್ಲ.

ಕ್ಲಾಸ್ ಕಟ್ಟುವ ಎರಡು ಬಗೆ

ಪಠ್ಯಪುಸ್ತಕದ ಬಗೆ ಹೀಗಿರುತ್ತದೆ. ಕ್ಲಾಸಿನಲ್ಲಿ ಇಟರ್ ಮತ್ತು ನೆಕ್ಸ್ಟ್ ಎಂಬ ಎರಡು ಡಂಡರ್ ಮೆಥಡ್‌ಗಳು, ಅಂದರೆ ಹೆಸರಿನ ಹಿಂದೆಯೂ ಮುಂದೆಯೂ ಎರಡೆರಡು ಅಡಿಗೆರೆ ಇರುವಂಥವು. ಇಟರ್ ಸೆಲ್ಫನ್ನೇ, ಅಂದರೆ ಅದೇ ವಸ್ತುವನ್ನೇ, ಹಿಂದಿರುಗಿಸುತ್ತದೆ. ನೆಕ್ಸ್ಟ್ ಒಂದೊಂದೇ ಸಂಖ್ಯೆ ಕೊಟ್ಟು ಕೊನೆಗೆ ಸ್ಟಾಪ್‌ಇಟರೇಶನ್ ಎಸೆಯುತ್ತದೆ. ಇಟರೇಟರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಇದು ಚೆನ್ನ. ಶ್ರೇಣಿಗೆ ಮಾತ್ರ ಇದು ಕೆಟ್ಟ ಆಯ್ಕೆ.

ಏಕೆಂದು ನೋಡಲು ಮಗ್ಗಿ ಬರೆಸಿ. ಒಂದರಿಂದ ಮೂರರವರೆಗಿನ ಇಂಥ ಒಂದು ವಸ್ತು ಮಾಡಿ, ಹೊರಗಿನ ಲೂಪಿಗೂ ಒಳಗಿನ ಲೂಪಿಗೂ ಅದನ್ನೇ ಕೊಡಿ. ಒಂಬತ್ತು ಗುಣಲಬ್ಧ ಬರಬೇಕು. ಹೊರಗಿನ ಲೂಪ್ 1 ತೆಗೆದುಕೊಳ್ಳುತ್ತದೆ, ಒಳಗಿನದು ಉಳಿದ 2 ಮತ್ತು 3ನ್ನು ಮುಗಿಸುತ್ತದೆ, ಹೊರಗಿನದಕ್ಕೆ ಏನೂ ಉಳಿದಿರುವುದಿಲ್ಲ. ಎರಡೇ ಗುಣಲಬ್ಧ. ಇಟರ್ ಕರೆದಾಗಲೆಲ್ಲ ಎಣಿಕೆಯನ್ನು ಮೊದಲಿಗೆ ತರೋಣ ಎಂದು ತೇಪೆ ಹಾಕುವವರಿದ್ದಾರೆ. ಆಗ ಎರಡರ ಬದಲು ಮೂರು ಬರುತ್ತವೆ. ಸಮಸ್ಯೆ ಎಣಿಕೆಯಲ್ಲಿಲ್ಲ, ಮಾಲೆಯೂ ಬೆರಳೂ ಒಂದೇ ವಸ್ತುವಾಗಿರುವುದರಲ್ಲಿದೆ. ವೇಗದಲ್ಲಿಯೂ ಇದಕ್ಕೆ ಹಿನ್ನಡೆ. ಪ್ರತಿ ಸಂಖ್ಯೆಗೂ ಒಂದು ಮೆಥಡ್ ಕರೆ, ಸೆಲ್ಫ್‌ನ ಒಳಗಿನ ಹುಡುಕಾಟ. ಸಾಮಾನ್ಯವಾಗಿ ಜನರೇಟರ್ ಇದಕ್ಕಿಂತ ಚುರುಕು, ರೇಂಜಂತೂ ಸಿ ಭಾಷೆಯಲ್ಲೇ ಓಡುವುದರಿಂದ ಎಲ್ಲಕ್ಕಿಂತ ಮುಂದೆ.

ಈ ರೂಪಕ್ಕೂ ಒಂದು ಜಾಗ ಇದೆ. ನಡುವೆ ನಿಲ್ಲಿಸಿ ಈಗ ಎಷ್ಟರಲ್ಲಿದ್ದೇವೆ ಎಂದು ಕೇಳಬೇಕು, ಹಿಂದಕ್ಕೆ ಸರಿಯಬೇಕು, ಸ್ಥಿತಿಯನ್ನು ಫೈಲಿನಲ್ಲಿ ಉಳಿಸಿ ನಾಳೆ ಅಲ್ಲಿಂದಲೇ ಮುಂದುವರಿಸಬೇಕು ಎನ್ನುವಾಗ. ಜನರೇಟರನ್ನು ಪಿಕಲ್ ಮಾಡಲಾಗದು, ಅಂದರೆ ಹಾಗೆ ಉಳಿಸಿಡಲಾಗದು, ಕ್ಲಾಸಿನ ವಸ್ತುವನ್ನು ಮಾಡಬಹುದು. ರಾತ್ರಿಯಿಡೀ ಓಡುವ ಕೆಲಸಗಳಿಗೆ ಇದು ಬೇಕಾಗುತ್ತದೆ.

ಎರಡನೆಯ ಬಗೆಯೇ ನಾನು ಶಿಫಾರಸು ಮಾಡುವುದು. ಕ್ಲಾಸಿನಲ್ಲಿ ನೆಕ್ಸ್ಟ್ ಬರೆಯಲೇ ಬೇಡಿ. ಇಟರ್ ಮೆಥಡಿನ ಒಳಗೆ ಯೀಲ್ಡ್ ಹಾಕಿ. ಆಗ ಪ್ರತಿ ಲೂಪಿಗೂ ಹೊಸ ಜನರೇಟರ್ ಹುಟ್ಟುತ್ತದೆ, ಮಗ್ಗಿಯೂ ಸರಿಯಾಗುತ್ತದೆ. ಆರಂಭ ಮತ್ತು ಹೆಜ್ಜೆಯ ತಪಾಸಣೆ, ವಸ್ತು ಹುಟ್ಟುವಾಗಲೇ ಓಡುವ ಇನಿಟ್‌ನಲ್ಲಿ ಇರುವುದರಿಂದ ದೋಷವೂ ತಪ್ಪು ನಡೆದ ಜಾಗದಲ್ಲೇ ಸಿಡಿಯುತ್ತದೆ. ಉದ್ದ, ಕ್ರಮಾಂಕ ಇವೂ ಬೇಕಿದ್ದರೆ ಕಲೆಕ್ಷನ್ಸ್ ಎಬಿಸಿ ಮಾಡ್ಯೂಲಿನಲ್ಲಿರುವ ಸೀಕ್ವೆನ್ಸ್ ಕ್ಲಾಸನ್ನು ಆಧಾರವಾಗಿ ಇಟ್ಟುಕೊಂಡು ಲೆನ್ ಮತ್ತು ಗೆಟ್‌ಐಟಂ ಎರಡನ್ನೇ ಬರೆದರೆ ಸಾಕು. ಇಟರ್, ರಿವರ್ಸ್ಡ್, ಕಂಟೈನ್ಸ್, ಇಂಡೆಕ್ಸ್, ಕೌಂಟ್ ಎಲ್ಲ ಬಿಟ್ಟಿ ಸಿಗುತ್ತವೆ. ಬಿಟ್ಟಿ ಸಿಕ್ಕ ಕಂಟೈನ್ಸ್ ಮಾತ್ರ ಒಂದೊಂದನ್ನೇ ನೋಡುತ್ತಾ ಹೋಗುತ್ತದೆ. ಶ್ರೇಣಿ ದೊಡ್ಡದಿದ್ದರೆ ಅದನ್ನು ಕೈಯಾರೆ ಬರೆದುಕೊಳ್ಳಿ, ಒಂದು ಕಳೆಯುವಿಕೆ, ಒಂದು ಶೇಷ ನೋಡುವಿಕೆ, ಅಷ್ಟರಲ್ಲಿ ಆಗುತ್ತದೆ.

ಬೆಲೆ? ಜನರೇಟರ್ ಐದು ಸಾಲಿನದಾದರೆ ಇದು ಮೂವತ್ತು ಸಾಲಿನದು, ಅದಕ್ಕೆ ತಕ್ಕ ಪರೀಕ್ಷೆಗಳು ಬೇರೆ. ಒಂದೇ ಫೈಲಿನಲ್ಲಿ ಒಂದೇ ಕಡೆ ಬಳಸುವ ಶ್ರೇಣಿಗೆ ಇಷ್ಟು ಖರ್ಚು ಬೇಡ.

ಬರೆಯದೆ ಬಳಸುವಂಥವು

ಪೈಥಾನ್ ಜೊತೆಗೇ ಬರುವ ಇಟರ್‌ಟೂಲ್ಸ್ ಮಾಡ್ಯೂಲಿನ ಕೌಂಟ್ ಕೊನೆಯಿಲ್ಲದ ಎಣಿಕೆ ಕೊಡುತ್ತದೆ, ದಶಮಾಂಶದ ಹೆಜ್ಜೆಯನ್ನೂ ಒಪ್ಪುತ್ತದೆ. ಆದರೆ ಅಲ್ಲಿಯೂ ದೋಷ ಪೇರಿಸಿಕೊಳ್ಳುವ ಭಯ ಇದ್ದೇ ಇದೆ. ಹಾಗಾಗಿ ದಶಮಾಂಶಕ್ಕೆ ಗುಣಿಸುವ ವಿಧಾನ ಕೆಲವೊಮ್ಮೆ ಹೆಚ್ಚು ನಿಖರವೆಂದು ಪೈಥಾನ್ ದಾಖಲೆಯೇ ಹೇಳುತ್ತದೆ. ಇಷ್ಟೇ ಸಂಖ್ಯೆ ಬೇಕು ಎಂದರೆ ಐಸ್ಲೈಸ್, ಇಂಥ ಷರತ್ತಿನವರೆಗೆ ಎಂದರೆ ಟೇಕ್‌ವೈಲ್. ಟೇಕ್‌ವೈಲ್ ಷರತ್ತು ಮೀರಿದ ಮೊದಲ ಸಂಖ್ಯೆಯನ್ನೂ ತೆಗೆದು ಎಸೆಯುತ್ತದೆ. ಅದೇ ಇಟರೇಟರನ್ನು ಮುಂದುವರಿಸುವವರಿಗೆ ಒಂದು ಸಂಖ್ಯೆ ಖೋತಾ. ಕೌಂಟನ್ನು ಅಪ್ಪಿತಪ್ಪಿ ಲಿಸ್ಟಿಗೆ ಕೊಟ್ಟರೆ ಮೆಮೊರಿ ತುಂಬುವವರೆಗೂ ನಿಲ್ಲುವುದಿಲ್ಲ.

ನಂಪೈ ಬೇರೆಯೇ ಲೋಕ. ಅಲ್ಲಿ ಶ್ರೇಣಿ ಕೇಳಿದರೆ ಸಿಗುವುದು ಇಟರೇಟರ್ ಅಲ್ಲ, ಇಡೀ ಸಾಲು ಮೆಮೊರಿಯಲ್ಲಿ ಕೂರುತ್ತದೆ, 64 ಬಿಟ್ ಸಂಖ್ಯೆಗೆ ಎಂಟು ಬೈಟ್ ಲೆಕ್ಕದಲ್ಲಿ. ಆ ಸಾಲಿನ ಮೇಲೆ ಒಟ್ಟಿಗೇ ಗಣಿತ ಮಾಡುವುದಾದರೆ ಅದರ ವೇಗಕ್ಕೆ ಮೇಲಿನ ಯಾವುದೂ ಹತ್ತಿರ ಬರುವುದಿಲ್ಲ. ಫಾರ್ ಲೂಪಿನಲ್ಲಿ ಒಂದೊಂದೇ ತೆಗೆಯುವುದಾದರೆ ಆ ಲಾಭ ಇಲ್ಲ, ರೇಂಜಿಗಿಂತ ನಿಧಾನವೂ ಆಗಬಹುದು. ದಶಮಾಂಶಕ್ಕೆ ನಂಪೈನ ರೇಂಜ್ ಆದ ಎರೇಂಜ್ ಬಳಸಬೇಡಿ: 1ರಿಂದ 1.3ರವರೆಗೆ 0.1ರ ಹೆಜ್ಜೆ ಎಂದರೆ 1.3ನ್ನೂ ಸೇರಿಸಿ ನಾಲ್ಕು ಕೊಡುತ್ತದೆ. ಹೆಜ್ಜೆಯ ಬದಲು ಎಷ್ಟು ಬಿಂದುಗಳು ಬೇಕೆಂದು ಕೇಳುವ ಲಿನ್‌ಸ್ಪೇಸ್ ಇದೆ. ಗ್ರಾಫ್ ಬಿಡಿಸುವವರಿಗೆ ಬೇಕಾದದ್ದೂ ಅದೇ.

ನಿಮ್ಮ ಕೆಲಸ ಯಾವುದು?

ಪೂರ್ಣಾಂಕ, ಸಮನಾದ ಹೆಜ್ಜೆ ಇದ್ದರೆ ರೇಂಜ್, ಬೇಕಿದ್ದರೆ ಸುತ್ತ ಒಂದು ಪುಟ್ಟ ಫಂಕ್ಷನ್. ಚರ್ಚೆ ಅಲ್ಲಿಗೇ ಮುಗಿಯಲಿ. ಒಂದೇ ಸಲ ಹಾಯುವ ವಿಚಿತ್ರ ಕ್ರಮವಾದರೆ ಜನರೇಟರ್. ವಿದ್ಯಾರ್ಥಿಗಳು, ಚಿಕ್ಕ ಸ್ಕ್ರಿಪ್ಟ್ ಬರೆಯುವವರು ಇವೆರಡನ್ನು ದಾಟಬೇಕಾಗುವುದು ಅಪರೂಪ. ನೀವು ಬರೆದ ಶ್ರೇಣಿ ತಂಡದ ಬೇರೆಯವರ ಕೈಗೆ ಹೋಗುವುದಾದರೆ, ಅವರು ಅದನ್ನು ಎರಡು ಸಲ ಓಡಿಸಿಯೇ ಓಡಿಸುತ್ತಾರೆ ಎಂದು ತಿಳಿದು, ಯೀಲ್ಡ್ ಇರುವ ಇಟರ್‌ನ ಕ್ಲಾಸಿಗೆ ಖರ್ಚು ಮಾಡಿ. ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿ ನಂಪೈ ಹೇಗೂ ಇದ್ದರೆ ಅದನ್ನೇ ಬಳಸಿ. ಬರಿಯ ಒಂದು ಶ್ರೇಣಿಗೋಸ್ಕರ ಅದನ್ನು ಸ್ಥಾಪಿಸುವುದು ಮಾತ್ರ ದುಂದು.

ಎರಡು ಆಯ್ಕೆಗಳ ನಡುವೆ ಇನ್ನೂ ತೂಗಾಡುತ್ತಿದ್ದರೆ ಎರಡನ್ನೂ ಬರೆದು ಈ ಪರೀಕ್ಷೆಗಳನ್ನು ಕೊಡಿ: ಆರಂಭವೂ ಅಂತ್ಯವೂ ಒಂದೇ ಆದಾಗ ಏನಾಗುತ್ತದೆ, ಹೆಜ್ಜೆ ಋಣವಾದಾಗ ಏನು, ಸೊನ್ನೆಯಾದಾಗ ದೋಷ ಯಾವ ಸಾಲಿನಲ್ಲಿ ಬರುತ್ತದೆ, ಎರಡು ಸಲ ಮೊತ್ತ ತೆಗೆದರೆ ಒಂದೇ ಉತ್ತರವೇ, ಒಂದರೊಳಗೊಂದು ಲೂಪ್ ಹಾಕಿದರೆ ಒಂಬತ್ತು ಗುಣಲಬ್ಧಗಳೂ ಬರುತ್ತವೆಯೇ. ಎರಡೂ ತೇರ್ಗಡೆಯಾದರೆ ಕಡಿಮೆ ಸಾಲಿನದನ್ನು ಇಟ್ಟುಕೊಳ್ಳಿ. ವೇಗದ ಅನುಮಾನ ಉಳಿದಿದ್ದರೆ ಸಮಯ ಅಳೆಯುವ ಟೈಮ್‌ಇಟ್ ಇದೆ, ನಿಮ್ಮ ಯಂತ್ರದಲ್ಲಿ, ನಿಮ್ಮ ದತ್ತಾಂಶದ ಮೇಲೆಯೇ ಓಡಿಸಿ ನೋಡಿ.